ಹಂಚಿನ ಮೇಲಿನ ಇರುವೆ

ಹಳಿಯಾಳದ ಉಸ್ಮಾನಸಾಬನ ಸೈಕಲ್ ಅಂಗಡಿಯ ಮುಂದೆ ಉಳವಪ್ಪ ಮಾಸ್ತರರು ಸೀಮೆಸುಣ್ಣದಿಂದ ಒಂದು ದುಂಡು ಗೆರೆ ಎಳೆಯದಿದ್ದರೆ ಆ ಭಾನುವಾರ ಸುಮ್ಮನೆ ಕಳೆದುಹೋಗುತ್ತಿತ್ತು. ಗಣಿತದಲ್ಲಿ ಪ್ರಬಂಧ ಬರೆಯುತ್ತಿದ್ದ ಅವರಿಗೆ ಕೇಳುವ ಕಿವಿ ಸಿಕ್ಕರೆ ಹಬ್ಬ. ಅಂದು ಉಸ್ಮಾನಸಾಬನ ಜೊತೆಗೆ ಪಂಕ್ಚರ್ ಹಾಕಿಸಲು ಕೂತ ಪರಸಪ್ಪನೂ ಸಿಕ್ಕಿದ್ದ. ದಾಂಡೇಲಿಯ ಈ ಗುಮಾಸ್ತ ಭಾನುವಾರಕ್ಕೊಮ್ಮೆ ಹಳಿಯಾಳಕ್ಕೆ ಯಾಕೆ ಬರುತ್ತಾನೆಂದು ಯಾರೂ ಕೇಳಿರಲಿಲ್ಲ.

“ಇದು ರೊಟ್ಟಿ ಹಂಚು ಅಂತ ತಿಳೀರಿ. ಅಂಚಿನ ಬಿಸಿ ಗೊತ್ತಿದ್ರ ನಡುವಿನ ಬಿಸಿ ಕೂತಲ್ಲೇ ಹೇಳಬಹುದು. ಈಗ ನಡುವಿನಿಂದ ಒಂದು ಇರುವಿ ಅಂಚಿಗೆ ಹೊಂಟೈತಿ. ನೆಟ್ಟಗ ಹೋದ್ರ ಅಂಚಿನ ಬಿಸಿ ಎಷ್ಟಂತ ಖಚಿತ ಉತ್ತರ ಸಿಗ್ತೈತಿ. ತುಸು ವಾಲಿದ್ರೂ ನಡೀತೈತಿ. ಅಂಚು ಸವರಿಕೋತ ಹೋತೋ, ಒಮ್ಮೆ ಚುರ್ರ್, ಒಮ್ಮೆ ತಣ್ಣಗ! ಉತ್ತರ ನಿಲ್ಲೂದ ಇಲ್ಲ.”

“ಎಲ್ಲಾ ಕಡೇನೂ ಹಿಂಗ ಏನ್ರಿ?” ಎಂದ ಪರಸಪ್ಪ.

“ಹೆಚ್ಚುಕಡಿಮಿ ಎಲ್ಲಾ ಕಡೆ. ಎಲ್ಲೋ ಒಂದು ದರಿದ್ರ ಬಿಂದು ತಪ್ಪಿಸ್ಕೋತೈತಿ, ಅಲ್ಲಿಗೆ ನೆಟ್ಟಗ ಹೋದ್ರೂ ಉತ್ತರ ಸಿಗೂದಿಲ್ಲ. ಅದು ಲೆಕ್ಕಕ್ಕಿಲ್ಲ.”

ಉಸ್ಮಾನಸಾಬ ಪಂಪು ಕೆಳಗಿಟ್ಟ. “ಮತ್ತ ಎರಡು ವರ್ಷದಿಂದ ಕರಿಬಸಪ್ಪ ಸಾವ್ಕಾರ್ರ ಬೇಲಿ ಯಾಕ ಸವರಾಕ್ಹತ್ತೀರಿ ಸರ? ಅವರ ಮಗಳು ಸುಶೀಲವ್ವನ್ನ ನೋಡಾಕ ಇವತ್ತ ಸಂಜಿಗೆ ಮುಂಡಗೋಡದ ಗಂಡಿನವರು ಬರ್ತಾರಂತ!”

ಮಾಸ್ತರರ ಎದೆ ಗಾಳಿ ತುಂಬಿದ ಟ್ಯೂಬಿನಂತೆ ಉಬ್ಬಿತು. “ಈಗ ನೆಟ್ಟಗ ಹೋಗಿ ಕೇಳತೇನಿ!”

ಸಾವ್ಕಾರರ ಮನೆಯ ಮಾಡಿನತ್ತ ಬೆರಳು ಚಾಚಿ, ದಾರಿ ಬಿಟ್ಟು ಓಡಿದರು. ಮೊದಲು ಸಿಕ್ಕಿದ್ದು ಪಕ್ಕದ ಮನೆಯ ಕಾಶೆವ್ವನ ಸಂಡಿಗೆ.

“ಅಯ್ಯ ಮಾಸ್ತರ, ಓಣಿ ಸತ್ತೈತೇನು? ಸುತ್ತಿ ಹೋಗಬಾರದ?”

“ಸುತ್ತಿದ್ರ ಉತ್ತರ ಸಿಗೂದಿಲ್ಲಬೇ!”

ಕಾಶೆವ್ವ ಧೋತರದ ಚುಂಗು ಹಿಡಿದು, ತುಳಿದ ಸಂಡಿಗೆಯನ್ನೆಲ್ಲ ಅವರ ಕೈಯಿಂದಲೇ ಒಂದೊಂದಾಗಿ ಹೆಕ್ಕಿಸಿ ಬಿಟ್ಟಳು. ಆಮೇಲೆ ತಿಪ್ಪೆ. ಆಮೇಲೆ ಎಮ್ಮೆ ಹೊರಳುವ ಕೆಸರು. ಒಂದು ಚಪ್ಪಲಿ ಅಲ್ಲೇ ಉಳಿಯಿತು. ಕಡೆಗೆ ಅದೇ ಬೇಲಿ. ಎರಡು ವರ್ಷದ ಪರಿಚಯವನ್ನೂ ನೋಡದೆ ಅರ್ಧ ಧೋತರ ಇಟ್ಟುಕೊಂಡಿತು. ಕಾರಹುಣ್ಣಿಮೆಯ ಎತ್ತಿನಂತೆ ಬಣ್ಣ ಬಳಿದುಕೊಂಡು ಮಾಸ್ತರರು ಪಡಸಾಲೆಗೆ ನುಗ್ಗಿದರು.

“ಸಾವ್ಕಾರ್ರ, ನಿಮ್ಮ ಸುಶೀಲಾನ್ನ—”

ತೆರೆದ ಬಾಯಿಗೆ ಕರಿಬಸಪ್ಪ ಒಂದು ಹಿಡಿ ಸಕ್ಕರೆ ಸುರಿದರು. “ನಿಮಗೂ ಸುದ್ದಿ ಮುಟ್ಟಿತ? ಎಂಥಾ ಹುಡುಗ್ರಿ! ಸೈಕಲ್ ಇಳದಾಂವನ ನೆಟ್ಟಗ ‘ಮಗಳನ್ನ ಕೊಡ್ರಿ’ ಅಂದ. ಹೂಂ ಅಂದೆ. ಮುಂಡಗೋಡದವರಿಗೆ ಬರಬ್ಯಾಡ್ರಿ ಅಂತ ಹೇಳಿ ಕಳಿಸೀನಿ.”

ಕಟ್ಟೆಯ ಮೇಲಿನಿಂದ ಪರಸಪ್ಪ ಇಳಿದುಬಂದು ಮಾಸ್ತರರ ಕೆಸರುಗಾಲಿಗೆ ಎರಗಿದ. “ನಿಮ್ಮ ಲೆಕ್ಕ ಖರೇ ಐತ್ರಿ ಸರ! ನಾ ಓಣಿ ಹಿಡದು ತುಸು ವಾಲೇ ಬಂದೆ. ಆದ್ರೂ ಉತ್ತರ ಸಿಕ್ತು.”

ಬಾಗಿಲ ಮರೆಯಿಂದ ಸುಶೀಲಾ ಮೆಲ್ಲಗೆ ಹೇಳಿದಳು: “ಎರಡು ವರ್ಷ ಬೇಲಿ ಆಚೆ ನಿಮ್ಮ ಚಪ್ಪಲಿ ಸಪ್ಪಳ ಕೇಳೀನಿ ಸರ. ಒಮ್ಮೆರ ಒಳಗ ಬರಬಾರದಿತ್ತ?”

ಮಾಸ್ತರರ ಬಾಯಿ ತುಂಬ ಸಕ್ಕರೆ. ಅಷ್ಟರಲ್ಲಿ ಉಸ್ಮಾನಸಾಬ ಕೆಸರಿನ ಒಂಟಿ ಚಪ್ಪಲಿ ಹಿಡಿದು ಏದುಸಿರು ಬಿಡುತ್ತ ಬಂದ. ಸಕ್ಕರೆ ಕಂಡ, ಪರಸಪ್ಪನನ್ನು ಕಂಡ, ದನಿ ತಗ್ಗಿಸಿದ.

“ಆ ತಪ್ಪಿಸ್ಕೊಂಡ ಬಿಂದು ಎಲ್ಲೈತ್ರಿ ಸರ?”

ಮಾಸ್ತರರು ಸಕ್ಕರೆ ನುಂಗಿ, ಚಪ್ಪಲಿ ಇಸಿದುಕೊಂಡರು.

“ಅದರ ಮ್ಯಾಲನ ನಿಂತೀನಪಾ.”