ಎಡ, ಬಲ, ಮೇಲೆ, ಕೆಳಗೆ

ಅವತ್ತು ಬೆಳಿಗ್ಗೆ ಗುಮಾಸ್ತರು ರೂಮಿನ ಚಿಲಕ ಹಾಕುವುದನ್ನು ಮರೆತರು. ತಪ್ಪು ಅಂತ ಅವರು ಮಾಡಿದ್ದು ಅದೊಂದೇ. ಉಳಿದದ್ದನ್ನೆಲ್ಲ ಹಿತ ಬಯಸುವವರು ಸೇರಿ ಮಾಡಿದರು.

ಹದಿನೈದು ದಿನಗಳಿಂದ ಅವರು ಇಲಾಖಾ ಪರೀಕ್ಷೆಗೆ ಓದುತ್ತಿದ್ದರು. ಅಂದರೆ, ಮನೆಯಲ್ಲಿ ಹಾಗೆ ನಂಬಿದ್ದರು. ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಒಂದೇ ಕುರ್ಚಿ ಸವೆಸಿದ ಮೇಲೆ ಸೂಪರಿಂಟೆಂಡೆಂಟ್ ಆಗುವ ಯೋಗ ಹತ್ತಿರ ಬಂದಿತ್ತು. ನಡುವೆ ಈ ಪರೀಕ್ಷೆ ಅಡ್ಡ ಮಲಗಿತ್ತು. ರಜೆ ಹಾಕಿ, ಮಗಳ ಹಳೆಯ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಕುಳಿತರು. ಮೊದಲ ದಿನವೇ ನಿಯಮಾವಳಿ ಹುಡುಕಲು ಹೋಗಿ ಎಲ್ಲೋ ಏನೋ ಒತ್ತಿದರು. ಒಂದು ಆಟ ತೆರೆದುಕೊಂಡಿತು. ಹಾಡು ಬರುತ್ತದೆ, ಹಾಡಿನ ತಾಳಕ್ಕೆ ಬಾಣದ ಗುರುತುಗಳು ಪರದೆಯ ಮೇಲಿಂದ ಉದುರುತ್ತವೆ, ಅವು ಗೆರೆ ಮುಟ್ಟಿದ ಕ್ಷಣಕ್ಕೆ ಸರಿಯಾಗಿ ಅದೇ ಬಾಣದ ಕೀಲಿ ಒತ್ತಬೇಕು. ದುಡ್ಡಿಲ್ಲ, ಕಾಸಿಲ್ಲ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅನ್ನುವ ವಂಶ ಅವರದು. ನಿಯಮಾವಳಿ ಅವತ್ತು ಮುಚ್ಚಿದ್ದು ಮತ್ತೆ ತೆರೆಯಲಿಲ್ಲ.

ಓದುವವರಿಗೆ ತೊಂದರೆ ಕೊಡಬಾರದೆಂದು ಹೆಂಡತಿ ತರಕಾರಿ ಚೀಲವನ್ನು ತಾನೇ ಹೊತ್ತಳು. ಕೆಟ್ಟ ನಲ್ಲಿಯನ್ನು ತಾನೇ ರಿಪೇರಿ ಮಾಡಿಸಿದಳು. ದಿನಕ್ಕೆ ಮೂರು ಸಲ ಕಾಫಿ ತಂದು ಬಾಗಿಲು ತಟ್ಟುತ್ತಿದ್ದಳು.

ಅವತ್ತು ತಟ್ಟಿದಾಗ ಬಾಗಿಲು ತಾನೇ ತೆರೆದುಕೊಂಡಿತು. ಬೆನ್ನು ತಿರುಗಿಸಿ, ಕಿವಿಗೆ ಹೆಡ್‌ಫೋನ್ ಕವುಚಿಕೊಂಡು ಕುಳಿತಿದ್ದ ಗಂಡ ಕಂಡರು. ಬಲಗಾಲು ಹೊಲಿಗೆ ಮಿಷನ್ನಿನ ಪೆಡಲಿನ ಹಾಗೆ ಅದುರುತ್ತಿತ್ತು. ತಲೆ ಕಾಳು ಕುಕ್ಕುವ ಕೋಳಿಯ ಹಾಗೆ ಕುಕ್ಕುತ್ತಿತ್ತು. ಬೆರಳುಗಳು ಕಾದ ಬಾಣಲೆಗೆ ಬಿದ್ದ ಸಾಸಿವೆ. ಬಾಯಲ್ಲಿ ಮಂತ್ರದ ಹಾಗೆ, “ಎಡ, ಬಲ, ಬಲ, ಮೇಲೆ, ಕೆಳಗೆ... ಅಯ್ಯೋ, ಹೋಯ್ತು!”

“ಏನ್ರೀ? ಏನ್ ಹೋಯ್ತು? ರೀ!”

ಗಂಡನ ಬೆರಳು ನಿಲ್ಲಲಿಲ್ಲ. ಅವಳು ಕಾಫಿ ಲೋಟದ ಸಮೇತ ಹೊರಗೋಡಿದಳು.

ಎದುರು ಮನೆಯಲ್ಲಿ ಗುಮಾಸ್ತರ ಸಹೋದ್ಯೋಗಿಯೊಬ್ಬರು ಇದ್ದರು. ಯಾರ ಮನೆಯಲ್ಲಿ ಯಾರು ಕೆಮ್ಮಿದರೂ ಮೊದಲು ಹಾಜರಾಗುತ್ತಿದ್ದರಿಂದ ಕಚೇರಿಯಲ್ಲಿ ಅವರಿಗೆ ಹಿತೈಷಿ ಎಂದೇ ಹೆಸರು. ಮೇಲಿನ ಮನೆಯಲ್ಲಿ ನಿವೃತ್ತ ಮೇಷ್ಟ್ರು. ಇಬ್ಬರೂ ಕರೆಯುವ ಮೊದಲೇ ಬಂದರು. ಮೂವರೂ ಬಾಗಿಲ ಸಂದಿಯಲ್ಲಿ ತಲೆ ಜೋಡಿಸಿದರು.

“ಇದು ನರದ್ದೇ,” ಎಂದರು ಮೇಷ್ಟ್ರು. “ನಮ್ಮ ಸೋದರಮಾವನಿಗೂ ಹೀಗೇ ಶುರುವಾಗಿತ್ತು.”

“ಈಗ ಹೇಗಿದ್ದಾರೆ?”

“ಈಗ ಇಲ್ಲ.”

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಹಿತೈಷಿ ಒಳಗೆ ನುಗ್ಗಿ ಭುಜ ಹಿಡಿದರು. ಗುಮಾಸ್ತರು ಚೇಳು ಕುಟುಕಿದವರಂತೆ ಎಗರಿ ಲ್ಯಾಪ್‌ಟಾಪ್ ಮುಚ್ಚಿದರು. ಮುಖದಲ್ಲಿ ಬೆವರು ಇಳಿಯುತ್ತಿತ್ತು.

“ಏನಿಲ್ಲ, ಏನಿಲ್ಲ. ಓದ್ತಾ ಇದ್ದೆ.”

“ಹಾಗಾದ್ರೆ ಕಾಲು ಯಾಕೆ ಹಾಗೆ ನಡುಗ್ತಿತ್ತು?”

ಗುಮಾಸ್ತರ ಮುಂದೆ ಎರಡು ದಾರಿಗಳಿದ್ದವು. ಐವತ್ತರ ಹತ್ತಿರ ಬಂದವನು ಮಕ್ಕಳಾಟ ಆಡುತ್ತಿದ್ದೆ ಎಂದು ಒಪ್ಪಿಕೊಳ್ಳುವುದು ಒಂದು. ಕಾಯಿಲೆ ಇದೆ ಎನ್ನುವುದು ಇನ್ನೊಂದು. ಅವರು ಮರ್ಯಾದಸ್ಥರು. ಕಾಯಿಲೆಯನ್ನೇ ಆರಿಸಿಕೊಂಡರು.

“ಸ್ವಲ್ಪ ದಿನದಿಂದ... ಒಂಥರಾ ನಡುಕ.”

ಅಷ್ಟು ಸಾಕಾಯಿತು. ಹಿತೈಷಿ ಒಂದು ರಟ್ಟೆ, ಮೇಷ್ಟ್ರು ಇನ್ನೊಂದು ರಟ್ಟೆ ಹಿಡಿದು ಬೀದಿಯುದ್ದಕ್ಕೂ ನಡೆಸಿಕೊಂಡು ಹೋದರು. ಗೇಟಿನಲ್ಲಿ ನಿಂತವರಿಗೆಲ್ಲ ಮೇಷ್ಟ್ರು, “ನರ, ನರ” ಎಂದು ವರದಿ ಕೊಡುತ್ತಾ ಹೋದರು. ತಿರುವಿನ ಕ್ಲಿನಿಕ್ಕಿನಲ್ಲಿ ಬೆಂಚು ತುಂಬ ಜನ. ಯಾರದೋ ಫೋನು ಹಾಡತೊಡಗಿತು. ಪಾಪದ ಬೆರಳುಗಳು! ಹದಿನೈದು ದಿನಗಳ ಸಾಧನೆ ಸುಮ್ಮನಿರುತ್ತದೆಯೇ? ಬೆಂಚಿನ ಅಂಚಿನ ಮೇಲೆ ಟಕಟಕ ಕುಣಿಯತೊಡಗಿದವು.

“ನೋಡಿ, ಮತ್ತೆ ಬಂತು!” ಎಂದು ಹಿತೈಷಿ ಕೂಗಿದರು. ಜ್ವರದವರು, ಹಲ್ಲುನೋವಿನವರು ಎಲ್ಲ ಎದ್ದು ದಾರಿ ಬಿಟ್ಟರು.

ಡಾಕ್ಟರು ಮೊಣಕಾಲಿಗೆ ಸುತ್ತಿಗೆಯಿಂದ ಬಡಿದರು, ಕಣ್ಣಿಗೆ ಟಾರ್ಚ್ ಬಿಟ್ಟರು, ನಾಲಿಗೆ ನೋಡಿದರು. ಏನೂ ಸಿಗಲಿಲ್ಲ. ಅದಕ್ಕೇ ಅವರ ಮುಖ ಗಂಭೀರವಾಯಿತು.

“ಯಾವಾಗ ಜಾಸ್ತಿ ಆಗತ್ತೆ?”

“ಓದಕ್ಕೆ ಕೂತಾಗ ಡಾಕ್ಟ್ರೇ,” ಎಂದಳು ಹೆಂಡತಿ.

“ಹಾಗಾದ್ರೆ ಓದಲೇಬಾರದು. ಪುಸ್ತಕ ಮುಟ್ಟಬೇಡಿ. ಪೂರ್ತಿ ರೆಸ್ಟ್.”

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ಗುಮಾಸ್ತರು ಮುಖ ಸಪ್ಪೆ ಮಾಡಿಕೊಂಡು ಒಳಗೊಳಗೇ ಹಿಗ್ಗಿದರು. ಹಾಸಿಗೆಯ ಮೇಲೆ ಎರಡು ದಿಂಬು ಒರಗಿ, ಹೆಂಡತಿ ಚಮಚದಲ್ಲಿ ಕುಡಿಸಿದ ಗಂಜಿ ಕುಡಿದರು. ಪಡಸಾಲೆಯಲ್ಲಿ ಹಿತೈಷಿ ಫೋನಿನಲ್ಲಿ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. “ಆಫೀಸಿಗೊಂದು ಮಾತು ತಿಳಿಸ್ಬೇಕಲ್ವಾ,” ಎಂದು ಹೆಂಡತಿಗೆ ವಿವರಿಸಿದರು.

ಸಂಜೆ ನಾಲ್ಕಕ್ಕೆ ಸ್ವತಃ ಮ್ಯಾನೇಜರ್ ಬಂದರು. ಇಪ್ಪತ್ತೆರಡು ವರ್ಷದಲ್ಲಿ ಗುಮಾಸ್ತರನ್ನು ಒಮ್ಮೆಯೂ ಕುಳಿತುಕೊಳ್ಳಿ ಎನ್ನದ ಮನುಷ್ಯ ಇವತ್ತು, “ಏಳ್ಬೇಡಿ, ಏಳ್ಬೇಡಿ” ಎಂದರು.

“ಪರೀಕ್ಷೆ ಚಿಂತೆ ಬಿಟ್ಬಿಡಿ. ಪರೀಕ್ಷೆನೇ ಇಲ್ಲ.”

“ಇಲ್ವಾ ಸಾರ್?”

“ಬೆಳಿಗ್ಗೆ ಹತ್ತಕ್ಕೇ ಮೇಲಿಂದ ಆದೇಶ ಬಂತು. ಪರೀಕ್ಷೆ ರದ್ದು, ಹಿರಿತನದ ಮೇಲೆ ನೇರ ಬಡ್ತಿ. ಮೊದಲನೇ ಹೆಸರು ನಿಮ್ಮದೇ ಇತ್ತು.”

ಗುಮಾಸ್ತರು ದಿಂಬು ಬಿಟ್ಟು ನೆಟ್ಟಗೆ ಕುಳಿತರು. “ಇತ್ತು ಅಂದ್ರೆ?”

“ನಿಮಗೆ ಹೇಳೋಣ ಅಂತ ಫೋನ್ ಕೈಗೆ ತಗೊಂಡೆ, ಅಷ್ಟರಲ್ಲಿ ಈ ಹಿತೈಷಿಗಳದೇ ಫೋನ್ ಬಂತು. ಕೈಕಾಲು ಸ್ವಾಧೀನ ಇಲ್ಲ, ಅಕ್ಷರ ಕಂಡ್ರೆ ನಡುಕ ಅಂದ್ರು. ಮಧ್ಯಾಹ್ನದೊಳಗೆ ಹೆಸರು ಕಳಿಸ್ಬೇಕಿತ್ತು. ಏನ್ ಮಾಡೋದು? ಎರಡನೇ ಹೆಸರು ಕಳಿಸಿದೆ.”

“ಎರಡನೇ ಹೆಸರು ಯಾರದು ಸಾರ್?”

ಹಿತೈಷಿ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ಹಿಂದೆಂದೂ ಫ್ಯಾನೇ ಕಾಣದವರ ಹಾಗೆ ನೋಡುತ್ತಿದ್ದರು. “ನಾನು ಬೇಡ ಅಂದೆ,” ಎಂದರು. “ಎರಡು ಸಲ ಅಂದೆ.”

“ಸಾರ್! ನನಗೆ ಯಾವ ಕಾಯಿಲೆನೂ ಇಲ್ಲ! ನಾನು ಗೇಮ್ ಆಡ್ತಿದ್ದೆ! ಕಂಪ್ಯೂಟರ್ ಗೇಮ್!”

ಕೋಣೆಯಲ್ಲಿ ಕರುಣೆ ಉಕ್ಕಿತು. ಹೆಂಡತಿ ಹಣೆ ಮುಟ್ಟಿ ನೋಡಿದಳು. ಮೇಷ್ಟ್ರು ಮ್ಯಾನೇಜರರ ಕಿವಿಯಲ್ಲಿ, “ತಲೆಗೂ ಏರಿದೆ. ನಮ್ಮ ಸೋದರಮಾವನೂ ಕೊನೆಕೊನೆಗೆ ಹೀಗೇ ಬಡಬಡಿಸ್ತಿದ್ದ” ಎಂದರು.

ಗುಮಾಸ್ತರಿಗೆ ರೇಗಿತು. ಎದ್ದು ಹೋಗಿ ಲ್ಯಾಪ್‌ಟಾಪ್ ತಂದು, ಎಲ್ಲರ ಎದುರಿಗೇ ಮಂಚದ ಮೇಲಿಟ್ಟು ಆಟ ತೆರೆದರು. ಅತಿ ಕಷ್ಟದ ಹಾಡನ್ನೇ ಒತ್ತಿದರು. ಬಾಣಗಳು ಆಲಿಕಲ್ಲಿನ ಹಾಗೆ ಸುರಿದವು. ಹದಿನೈದು ದಿನಗಳಲ್ಲಿ ಎಂದೂ ಆಗದ್ದು ಅವತ್ತು ಆಯಿತು. ಮೊದಲಿಂದ ಕೊನೆವರೆಗೆ ಒಂದೇ ಒಂದು ಬಾಣ ತಪ್ಪಲಿಲ್ಲ. ಪರದೆಯಲ್ಲಿ ಚಿನ್ನದ ನಕ್ಷತ್ರಗಳು ಸಿಡಿದವು. ಗುಮಾಸ್ತರು ವಿಜಯದ ನಗೆ ನಗುತ್ತಾ ತಿರುಗಿದರು.

ಯಾರೂ ನಗಲಿಲ್ಲ.

“ಹದಿನೈದು ದಿನ,” ಎಂದಳು ಹೆಂಡತಿ, ತುಂಬ ಮೆತ್ತಗೆ. ಮತ್ತೇನೂ ಹೇಳದೆ ಗಂಜಿಯ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಮ್ಯಾನೇಜರ್ ಎದ್ದರು. “ಬಹಳ ಸಂತೋಷ. ಕೈ ಚೆನ್ನಾಗಿದೆ. ಆದ್ರೆ ಹೋದ ಹೆಸರು ಹೋಯ್ತು, ವಾಪಸ್ ತರಿಸಿ ಏನಂತ ಬರೀಲಿ? ಗೇಮ್ ಆಡ್ತಿದ್ರು ಅಂತ ಬರೀಲಾ? ನಾಳೆಯಿಂದ ಡ್ಯೂಟಿಗೆ ಬನ್ನಿ. ನಲವತ್ತು ವರ್ಷದ ನಲ್ಲಿ ಅರ್ಜಿಗಳು ಗೋಡೌನಲ್ಲಿ ಕೊಳೀತಿವೆ, ಎಲ್ಲಾ ಕಂಪ್ಯೂಟರಿಗೆ ಟೈಪ್ ಮಾಡ್ಬೇಕು. ಇಷ್ಟು ಚುರುಕಾದ ಬೆರಳು ನಮ್ಮ ಆಫೀಸಲ್ಲಿದೆ ಅಂತ ಗೊತ್ತೇ ಇರ್ಲಿಲ್ಲ.”

ಅವರು ಹೋದರು. ಸೋದರಮಾವನ ಕತೆ ಮುಂದುವರಿಯುವ ಹಾಗೆ ಕಾಣದ್ದರಿಂದ ಮೇಷ್ಟ್ರೂ ಬೇಸರದಿಂದ ಮೆಟ್ಟಿಲು ಹತ್ತಿದರು. ಉಳಿದವರು ಹಿತೈಷಿ ಒಬ್ಬರೇ. ಹತ್ತಿರ ಬಂದು ಗುಮಾಸ್ತರ ಬೆನ್ನು ಸವರಿದರು.

“ಮನಸ್ಸಿಗೆ ಹಚ್ಕೋಬೇಡಿ. ಆಫೀಸಲ್ಲಿ ನಾಲ್ಕು ಜನರ ಮುಂದೆ ಮಾತ್ರ ಸಾರ್ ಅಂದ್ರೆ ಸಾಕು. ಮನೆ ಹತ್ರ ಮೊದಲಿನ ಹಾಗೇ ಹೆಸರು ಹಿಡಿದು ಕರೀರಿ, ನಾನೇನೂ ತಪ್ಪು ತಿಳ್ಕೊಳಲ್ಲ.”

ಗುಮಾಸ್ತರು ಬಾಯಿ ತೆರೆದರು. ಆಡಬೇಕಾದ ಮಾತುಗಳು ಗಂಟಲವರೆಗೆ ಬಂದಿದ್ದವು. ಆದರೆ ಇಪ್ಪತ್ತೆರಡು ವರ್ಷದ ನಾಲಿಗೆ ಅವರ ಮಾತು ಕೇಳಲಿಲ್ಲ.

“ಆಯ್ತು ಸಾರ್,” ಎಂದುಬಿಟ್ಟರು.