ಕಡಲೆಕಾಯಿ ಪಾಠಕ್ರಮ

ಲಿಂಗರಾಜು ಮೇಷ್ಟ್ರ ಅವತ್ತಿನ ಸಂಕಟಕ್ಕೆಲ್ಲ ಕಾರಣ ಒಂದು ಚೀಲ ಬೇಯಿಸಿದ ಕಡಲೆಕಾಯಿ.

ಮಳವಳ್ಳಿಯ ಕಾಲೇಜೊಂದರಲ್ಲಿ ಅವರು ಸಂಖ್ಯಾಶಾಸ್ತ್ರದ ಮೇಷ್ಟ್ರು. ಪ್ರತಿವರ್ಷ ಮೊದಲ ದಿನವೇ ಸಂಭವನೀಯತೆಯ ಸೂತ್ರ ಬರೆಯುವುದು, ಎರಡನೇ ವಾರಕ್ಕೆ ಹುಡುಗರು ಹಲಗೂರು ಬಸ್ಸು ಹತ್ತಿ ಮನೆ ಸೇರುವುದು. ಖಾಲಿ ಬೆಂಚುಗಳಿಗೆ ಪಾಠ ಹೇಳಿ ಹೇಳಿ, ಪಾಪ, ಮೇಷ್ಟ್ರಿಗೆ ಸಾಕಾಗಿತ್ತು. ಅದಕ್ಕೇ ಈ ಸಲ ಪಾಠದ ಕ್ರಮವನ್ನೇ ತಿರುಗಿಸಿದ್ದರು: ಮೊದಲು ಕಡಲೆಕಾಯಿ, ಆಮೇಲೆ ಸೂತ್ರ. ಒಂದು ಹಿಡಿ ತೆಗೆದು ಸುಲಿದು, ಜೊಳ್ಳೆಷ್ಟು ಎಂದು ಎಣಿಸಿ, ಇಡೀ ಚೀಲದ ಹಣೆಬರಹ ಊಹಿಸುವುದು. ಮಧ್ಯಾಹ್ನದ ಸಭೆಯಲ್ಲಿ ಪ್ರಿನ್ಸಿಪಾಲರು ಒಪ್ಪಬೇಕಿತ್ತು, ಅಷ್ಟೇ. ಅವ್ವ ಚಿಕ್ಕಬೋರಮ್ಮ ಬೆಳಿಗ್ಗೆಯೇ ಉಪ್ಪು ಹಾಕಿ ಬೇಯಿಸಿಕೊಟ್ಟಿದ್ದಳು.

ಸ್ಟಾಫ್ ರೂಮಿಗೆ ಕಾಲಿಟ್ಟದ್ದೇ ತಡ, ಅಟೆಂಡರ್ ನಾಗಯ್ಯ ಹಾಜರ್.

"ಏನ್ ಸಾ ಇದು, ಗಮ್ ಅಂತದೆ?"

"ಮುಟ್ಟಬ್ಯಾಡ ನಾಗಯ್ಯ, ಪಾಠದ್ದು. ಒಂದು ಹಿಡಿ ನೋಡಿ ಇಡೀ ಚೀಲ ಹೆಂಗದೆ ಅಂತ ಹೇಳೋದು."

"ಅಷ್ಟೇನಾ? ನಾನೇ ಯೋಳ್ತೀನಿ ಬುಡಿ," ಎಂದು ನಾಗಯ್ಯ ಕೈ ಹಾಕಿದ.

"ಅವನ ಮಾತು ನಂಬಕ್ಕಾಯ್ತದಾ ಸಾರ್? ನಾನೂ ನೋಡ್ತೀನಿ," ಎಂದರು ಕನ್ನಡದ ವೀಣಾ ಮೇಡಂ. ಇಬ್ಬರ ಲೆಕ್ಕವೂ ತಾಳೆಯಾಗುತ್ತಿಲ್ಲವೆಂದು ಆಟದ ಮೇಷ್ಟ್ರು ಚಲುವರಾಜು ಎರಡೂ ಕೈ ಹಾಕಿದರು. ಅಷ್ಟರಲ್ಲಿ ಬೆಲ್ಲು ಹೊಡೆಯಿತು. ಲಿಂಗರಾಜು ತರಗತಿ ಮುಗಿಸಿ ಬಂದಾಗ ಚೀಲ ಅರ್ಧವಾದರೂ ಇತ್ತು. ಸದ್ಯ, ಇಷ್ಟಾದರೂ ಉಳಿಸಿದ್ದಾರಲ್ಲ ಎಂದುಕೊಂಡರು.

ಸಭೆಯಲ್ಲಿ ಪ್ರಿನ್ಸಿಪಾಲ್ ರಘುನಂದನ್ ಕಣ್ಣು ಮುಚ್ಚಿ ಒಂದು ಹಿಡಿ ತೆಗೆದು, ಒಂದು ಕಾಯಿ ಸುಲಿದರು. ಜೊಳ್ಳು. ಇನ್ನೊಂದು ಸುಲಿದರು. ಅದೂ ಜೊಳ್ಳು. ಕೊನೆಯದರಲ್ಲಿ ಒಂದು ಹುಳ.

"ಏನ್ರೀ ಲಿಂಗರಾಜು, ನಿಮ್ಮ ಲೆಕ್ಕದಲ್ಲೇ ಚೀಲ ಪೂರ್ತಿ ಜೊಳ್ಳು. ಸುಮ್ನೆ ಸೂತ್ರದಿಂದ್ಲೇ ಶುರು ಮಾಡಿ."

ಅವ್ವ ಬೇಯಿಸಿದ್ದನ್ನು ಜೊಳ್ಳು ಅಂದರೆ ಯಾರಿಗೆ ತಾನೆ ರೇಗುವುದಿಲ್ಲ?

"ಸಾರ್, ಗಟ್ಟಿ ಕಾಯೆಲ್ಲ ಇವ್ರು ಆರಿಸ್ಕೊಂಡು ತಿಂದವ್ರೆ! ಒಂದೇ ಹಿಡಿ, ಒಂದೇ ದಿನ ನೋಡಿ ತೀರ್ಮಾನ ಮಾಡಬಾರ್ದು. ಅದೇ ನನ್ನ ಮೊದಲ್ನೇ ಪಾಠ!"

ಪ್ರಿನ್ಸಿಪಾಲರು ನಿಧಾನವಾಗಿ ತಲೆದೂಗಿದರು. "ಒಪ್ಪಿದೆ ಕಣ್ರೀ. ನೂರಕ್ಕೆ ನೂರು ಸರಿ."

ಮೇಷ್ಟ್ರ ಮುಖ ಅರಳಿತು.

"ಅದಕ್ಕೇ, ನಾಳೆಯಿಂದ ದಿನಾ ಒಂದು ಚೀಲ ತನ್ನಿ. ವರ್ಷವೆಲ್ಲ ನೋಡಿ ಆಮೇಲೆ ತೀರ್ಮಾನ ಮಾಡೋಣ. ಅಲ್ಲೀವರ್ಗೂ ಸೂತ್ರ ನಡೀಲಿ."

ಆ ಕಾಲೇಜಿನಲ್ಲಿ ಯಾವ ನಿರ್ಣಯಕ್ಕೂ ಅಷ್ಟು ಕೈಗಳು ಎದ್ದಿರಲಿಲ್ಲ. ಚಲುವರಾಜು ಎರಡೂ ಕೈ ಎತ್ತಿದ್ದರು.

ಸಂಜೆ ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. "ಏನಂದ್ರು ಮಗಾ?"

"ನಾಳೆಗೂ ಒಂದು ಚೀಲ ಬೇಯ್ಸವ್ವ."

"ನಾನ್ ಯೋಳ್ಳಿಲ್ವಾ!" ಚಿಕ್ಕಬೋರಮ್ಮ ಹಿಗ್ಗಿಹೋದಳು. "ನಿನ್ ಪಾಟ ಅವ್ರ್ಗೆ ಅಷ್ಟೊಂದು ಇಡಿಸ್ಬುಡ್ತಾ!"