ಬಣ್ಣ ಬಳಿಯದ ಮನೆ

"ಮನೆಗೆ ಬಣ್ಣ ಯಾವಾಗಪ್ಪ?" ಎಂದು ನೆರೆಮನೆಯ ಬೊರ್ಗಿಲಕ್ಕ ಕೇಳಿದಾಗ ಸಿಂದ್ರೆ ಉತ್ತರ ಕೊಡದೆ ಕಾಫಿ ಕುಡಿದದ್ದೇ ಎಲ್ಲ ಅನಾಹುತಕ್ಕೂ ಮೂಲ. ನಾರ್ವೆಯ ಆ ಕಣಿವೆಯಲ್ಲಿ ಸುಮ್ಮನಿದ್ದವನನ್ನು ಕಂಡರೆ ಜನಕ್ಕೆ ಕರುಣೆ. ಪಾಪ, ಒಬ್ಬನ ಕೈಲಾಗುತ್ತಿಲ್ಲ, ಬಾಯಿಬಿಟ್ಟು ಕೇಳಲು ನಾಚಿಕೆ ಎಂದುಕೊಳ್ಳುತ್ತಾರೆ.

ಬಣ್ಣ ಬಳಿಯುವ ಯೋಚನೆಯೇ ಸಿಂದ್ರೆಗಿರಲಿಲ್ಲ. ಬೊರ್ಗಿಲಕ್ಕ ಹುಲ್ಲು ತುಂಬಿಡುವ ಹಳೆಯ ಮರದ ಕೊಟ್ಟಿಗೆಯನ್ನು ನೋಡಿ ನೋಡಿ ಅದರ ಚಾವಣಿಯ ಇಳಿಜಾರು, ಹಲಗೆಗಳ ನಡುವಿನ ಸಂದು, ಎಲ್ಲವನ್ನೂ ಹೊಸ ಮನೆಗೆ ಇಳಿಸಿದ್ದ. ಸಂದಿನ ಹಿಂದೆ ಗಾಜು ಇಟ್ಟದ್ದಷ್ಟೇ ಅವನದು. ಹಲಗೆಗಳು ಬಿಸಿಲು, ಹಿಮ ತಿಂದು ತಾವೇ ಬೂದಿಬಣ್ಣಕ್ಕೆ ತಿರುಗಬೇಕು. ಮನೆಯ ಫೋಟೋ ಮೆಚ್ಚಿದ, ವಾಸ್ತುಶಿಲ್ಪ ಪ್ರಶಸ್ತಿಯ ತೀರ್ಪುಗಾರ್ತಿ ಇವತ್ತು ಓಸ್ಲೋದಿಂದ ಬರುವವಳಿದ್ದಳು. ಪ್ರಶಸ್ತಿ ಬಂದರೆ, ಕೆಲಸವಿಲ್ಲದೆ ಕೂತಿರುವ ಈ ವಾಸ್ತುಶಿಲ್ಪಿಯನ್ನು ಮನೆ ಕಟ್ಟಿಸುವವರು ಹುಡುಕಿಕೊಂಡು ಬರುತ್ತಾರೆ.

ಬೆಳಿಗ್ಗೆ ಬಾಗಿಲು ತೆರೆದರೆ ಅಂಗಳದ ತುಂಬ ಜನ, ಏಣಿ, ಬ್ರಷ್ಷು, ಕೆಂಪು ಬಣ್ಣದ ಬಕೆಟ್ಟು. ದಿಬ್ಬಣ ದಾರಿ ತಪ್ಪಿ ಬಂದಂತಿತ್ತು.

"ಮುಯ್ಯಾಳು ಬಂದಿದ್ದೀವಿ ಕಣಯ್ಯ, ಕೂಲಿ ಬೇಡ," ಎಂದ ಬಡಗಿ ತೊರ್ಲೈಫ್. "ನೀನು ಎಲ್ರಿಗೂ ವಾಫಲ್ ಸುಡು, ಸಾಕು."

"ಬೇಡ ತೊರ್ಲೈಫಣ್ಣ, ಇದು ಹೀಗೇ ಇರ್ಬೇಕು."

"ಹೀಗೇನಾ? ಸ್ನಾನಕ್ಕೆ ಕೂರಿಸಿದ ಮಗು ಥರ, ಬರಿಮೈಯಲ್ಲಿ?"

ಮುಯ್ಯಾಳನ್ನು ವಾಪಸು ಕಳಿಸಿದವನ ಕಾರು ಚಳಿಗಾಲದಲ್ಲಿ ಹಿಮದಲ್ಲಿ ಹೂತರೆ ತಳ್ಳಲು ಒಂದು ನರಪಿಳ್ಳೆಯೂ ಬರುವುದಿಲ್ಲ. ಸಿಂದ್ರೆ ಗೋಡೆಗೆ ಬೆನ್ನು ಕೊಟ್ಟು ಕೈ ಚಾಚಿ ನಿಂತ. ಅಂಗಿಯ ಮೇಲೆ ಕೆಂಪು ಪಟ್ಟೆ ಬಿತ್ತು. ಅದರ ಜೊತೆಗೇ ಉಪಾಯವೂ ಹೊಳೆಯಿತು.

"ನಂದಿರ್ಲಿ, ಬೊರ್ಗಿಲಕ್ಕನ ಕೊಟ್ಟಿಗೆ ನೋಡಿ. ಬಣ್ಣ ಕಂಡು ಯಾವ ಕಾಲ ಆಯ್ತೋ! ಅವಳೇನು ಬಾಯಿಬಿಟ್ಟು ಕೇಳ್ತಾಳಾ?"

"ನೀನಾದ್ರೂ ನೆನೆಸ್ಕೊಂಡ್ಯಲ್ಲೋ!" ಎಂದು ಗುಂಪಿನಲ್ಲಿದ್ದ ಬೊರ್ಗಿಲಕ್ಕ ಕಣ್ಣೊರೆಸಿಕೊಂಡಳು. ದಂಡು ಅತ್ತ ತಿರುಗಿತು. ಸಿಂದ್ರೆ ಗುನುಗುತ್ತ ವಾಫಲ್ ಸುಟ್ಟ.

ಮಧ್ಯಾಹ್ನ ಬಂದ ತೀರ್ಪುಗಾರ್ತಿ ಮನೆಯ ಸುತ್ತ ನಡೆದಳು. ಹಲಗೆಯ ಮೇಲೆ ಅಂಗೈ ಇಟ್ಟಳು.

"ಫೋಟೋದಲ್ಲಿ ಪಕ್ಕಕ್ಕೆ ಒಂದು ಮುದಿ ಕೊಟ್ಟಿಗೆ ಇತ್ತಲ್ಲ, ಎಲ್ಲಿ?"

ಸಿಂದ್ರೆ ಬೆರಳು ತೋರಿಸಿದ. ಕೊಟ್ಟಿಗೆ ಹೊಸ ಮದುಮಗಳಂತೆ ಕೆಂಪಗೆ ಹೊಳೆಯುತ್ತಿತ್ತು.

"ಅಯ್ಯೋ! ಅಜ್ಜಿ ಮೊಮ್ಮಗಳ ಕೈ ಹಿಡಿದು ನಿಂತ ಹಾಗಿತ್ತು ಕಣ್ರೀ. ಅದಕ್ಕೇ ನಾವೆಲ್ಲ ಮನಸೋತದ್ದು. ಪ್ರಶಸ್ತಿ ನಿಮಗೇ ಅಂತ ಮಾತೂ ಆಗಿತ್ತು. ಈಗ ಇದು ಬರೀ ಒಂಟಿ ಪೆಟ್ಟಿಗೆ! ಯಾರು ಮಾಡಿಸಿದ್ದು ಈ ಕೆಲಸ?"

"ಇವನೇ!" ಎಂದು ಬೊರ್ಗಿಲಕ್ಕ ಹೆಮ್ಮೆಯಿಂದ ಅವನ ಬೆನ್ನು ತಟ್ಟಿದಳು. "ತನ್ನ ಮನೆ ಬಿಟ್ಟು ನನ್ನ ಕೊಟ್ಟಿಗೆಗೆ ಬಳಿಸಿದ. ಬಂಗಾರದಂಥ ಹುಡುಗ."

ತೀರ್ಪುಗಾರ್ತಿಯ ಕಾರು ತಿರುವಿನಲ್ಲಿ ಮರೆಯಾಯಿತು. ತೊರ್ಲೈಫ್ ಗಲ್ಲ ಕೆರೆದುಕೊಂಡ.

"ಎರಡೂ ಜೋಡಿಯಾಗಿ ಕಾಣ್ಲಿಲ್ಲ ಅಂತ ತಾನೇ ಆಯಮ್ಮನ ತಕರಾರು? ಚಿಂತೆ ಬಿಡು. ಇನ್ನೂ ಎರಡು ಬಕೆಟ್ ಬಣ್ಣ ಉಳಿದಿದೆ. ಏನಂತೀಯ?"

ಸಿಂದ್ರೆ ಉತ್ತರ ಕೊಡದೆ ಕಾಫಿ ಕುಡಿದ.

ಏಣಿ ಬಂದು ಗೋಡೆಗೆ ತಾಗಿದ ಸದ್ದು ಕೇಳಿಸಿತು.